ಎರಡು ಮಿಲಿಮೀಟರ್ ಕಾವೇರಿ

ಮಾರ್ಚ್ 10, 2024, ಭಾನುವಾರ

ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ. ಕೋಟೆಯ ಪಶ್ಚಿಮದ ಗೋಡೆ ಒಡೆದಿದ್ದ ಕಡೆ, ಸ್ಮಾರಕ ಸ್ತಂಭದ ಹತ್ತಿರ ನಿಂತು ನೋಡಿದರೆ ಕೆಳಗೆ ನೀರಿಗಿಂತ ಬಂಡೆಯೇ ಹೆಚ್ಚು. ಹೋದ ವರ್ಷದ ಮುಂಗಾರು ಕೈಕೊಟ್ಟಿದ್ದು ಇಲ್ಲಿ ಕಣ್ಣಿಗೆ ರಾಚುತ್ತದೆ. ಮಂಡ್ಯದ ರೈತನಿಗೆ ಕೆಟ್ಟ ವರ್ಷ. ಬ್ರಿಟಿಷರು ಟಿಪ್ಪುವಿನ ಈ ಕೋಟೆಗೆ ನುಗ್ಗಿದ 1799ರ ಬೇಸಿಗೆಯ ಕಾವೇರಿಯನ್ನು ಹಲಗೆಯ ಮೇಲೆ ಮಾಡಹೊರಟ ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು. ಹಾಗೆ ಅನಿಸಿದ್ದು ಯಾರಿಗೂ ಹೇಳುವಂಥದ್ದಲ್ಲ, ಇಲ್ಲಿ ಬರೆದಿಡುತ್ತೇನೆ.

ಬಣ್ಣಗಳನ್ನು ಸ್ಥಳದಲ್ಲೇ ಗುರುತು ಹಾಕಿಕೊಂಡೆ. ಫೋನಿನ ಕ್ಯಾಮೆರಾ ಎಲ್ಲವನ್ನೂ ಹಳದಿ ಮಾಡುತ್ತದೆ. ಬಂಡೆಯ ನೆತ್ತಿ ಬೂದಿ ಬಣ್ಣ, ಅಲ್ಲಲ್ಲಿ ತೆಳು ಗುಲಾಬಿ. ಪಕ್ಕೆಯಲ್ಲಿ ನೀರು ನಿಂತು ಇಳಿದ ಕಂದು ಗೆರೆ. ಬುಡದಲ್ಲಿ ಪಾಚಿ ಒಣಗಿ ಕಪ್ಪು. ನಡುವಿನ ಮರಳು ಚಿತ್ರಪಟದ ಹೊಂಬಣ್ಣದ್ದಲ್ಲ, ಕೊಳೆ ಬೂದು. ದಡದ ಮಣ್ಣು ಒಂದು ಪೊಟ್ಟಣ, ಅಂಗೈಯಗಲದ ಒಂದು ಕಲ್ಲು ಚೀಲಕ್ಕೆ ಸೇರಿದವು.

ಒಂದು ಎಚ್ಚರಿಕೆ. ಮೇಲೆ ಕನ್ನಂಬಾಡಿ ಕಟ್ಟೆ ಇದೆ. 1911ರಲ್ಲಿ ಅದರ ಕೆಲಸ ಶುರುವಾದ ಮೇಲಿನ ಕಾವೇರಿ ಬೇರೆ, ಅದಕ್ಕೆ ಹಿಂದಿನ ಕಾವೇರಿ ಬೇರೆ. ಇವತ್ತು ಕಂಡ ನೀರಿನ ಮಟ್ಟವನ್ನು ಹಾಗೇ ನಂಬಿ ಅಳತೆ ಮಾಡಬಾರದು. ಬಂಡೆಗಳನ್ನು ಮಾತ್ರ ನಂಬಬಹುದು.

ಮಾರ್ಚ್ 12

ಇವತ್ತೆಲ್ಲ ಲೆಕ್ಕ. ಮುತ್ತಿಗೆಯ ವಿವರಗಳಲ್ಲಿ ಸಿಗುವ ಅಳತೆ ಹೀಗಿದೆ: ಬ್ರಿಟಿಷರ ಕೊನೆಯ ಅಗಳಿನಿಂದ ನದಿಯ ದಡಕ್ಕೆ ಸುಮಾರು 100 ಗಜ, ಬಂಡೆ ತುಂಬಿದ ಪಾತ್ರ ಸುಮಾರು 280 ಗಜ, ಆಮೇಲೆ ಕಂದಕ, ಅದರಾಚೆ ಒಡೆದ ಗೋಡೆ. ನೀರು ಕೆಲವೆಡೆ ಮೊಣಕಾಲುದ್ದ, ಕೆಲವೆಡೆ ಸೊಂಟದವರೆಗೆ.

ಯುದ್ಧದಾಟದ ಈ ಹವ್ಯಾಸದಲ್ಲಿ ಹೆಚ್ಚು ಜನ ಆಡುವುದು 28 ಮಿಲಿಮೀಟರ್ ಎತ್ತರದ ಸೈನಿಕರನ್ನು ಇಟ್ಟುಕೊಂಡು. ಆ ಅಳತೆಗೆ ನಿಷ್ಠೆಯಿಂದ ನದಿ ಮಾಡಿದರೆ ನದಿಯೊಂದೇ ಹದಿನಾಲ್ಕು ಅಡಿ ಆಗುತ್ತದೆ. ನಮ್ಮ ಹಜಾರದಲ್ಲಿ ಅಷ್ಟು ಜಾಗವಿಲ್ಲ. ಎಲ್ಲರೂ ಮಾಡುವ ಉಪಾಯ ಒಂದಿದೆ. ಮನುಷ್ಯನಿಗೆ ಒಂದು ಅಳತೆ, ನೆಲಕ್ಕೆ ಇನ್ನೊಂದು. ಸೈನಿಕ ಆಳೆತ್ತರ, ನದಿ ಕಾಲುವೆಯಷ್ಟು. ಹೀಗಾದಾಗ ದಾಟುವುದು ಒಂದೇ ನೆಗೆತದ ಕೆಲಸ ಅನಿಸಿಬಿಡುತ್ತದೆ. ಈ ದಾಳಿಯಲ್ಲಿ ದಾಟುವುದೇ ಮುಖ್ಯ. ಅದನ್ನು ಕುಗ್ಗಿಸಿದರೆ ಉಳಿಯುವುದೇನು?

ಹಾಗಾಗಿ 6 ಮಿಲಿಮೀಟರ್ ಸೈನಿಕರು. ಆ ಗಾತ್ರ ಹೆಚ್ಚುಕಡಿಮೆ 1:300. ನೆಲಕ್ಕೂ 1:300 ಇಟ್ಟರೆ ಮನುಷ್ಯ, ಮರ, ಗೋಡೆ, ನದಿ ಎಲ್ಲ ಒಂದೇ ಲೆಕ್ಕಕ್ಕೆ ಬರುತ್ತವೆ. ಅಗಳಿನ ಮುಂದಿನ ಬಯಲು 30 ಸೆಂಟಿಮೀಟರ್, ನದಿ 85, ಉಳಿದ 65ರಲ್ಲಿ ಕಂದಕ, ಕೋಟೆ. ಒಟ್ಟು 180. ಅಡ್ಡಕ್ಕೆ 120. ಅಂದರೆ 60 ಸೆಂಟಿಮೀಟರ್ ಚೌಕದ ಆರು ಹಲಗೆ. ಲೆಕ್ಕ ಇಷ್ಟು ಸಲೀಸಾಗಿ ಕೂತದ್ದು ನೋಡಿ ಅನುಮಾನ ಬಂದು ಇನ್ನೊಮ್ಮೆ ಗುಣಿಸಿದೆ. ಸರಿಯಾಗಿಯೇ ಇದೆ.

ಮೊಣಕಾಲುದ್ದ ನೀರು ಅಂದರೆ ಹಲಗೆಯ ಮೇಲೆ ಎರಡು ಮಿಲಿಮೀಟರ್ ಕೂಡ ಇಲ್ಲ. ಸೊಂಟದವರೆಗಿನ ನೀರು ಮೂರು ಮಿಲಿಮೀಟರ್. ಸಾಮ್ರಾಜ್ಯವೊಂದು ಹೋದದ್ದು ಇಷ್ಟು ಆಳದಲ್ಲಿ.

ಮಾರ್ಚ್ 16

ಎಕ್ಸ್‌ಪಿಎಸ್ ಫೋಮು ತಂದಾಯಿತು. ಚಾವಣಿಯ ಬಿಸಿಲು ಕೆಳಗಿಳಿಯದಂತೆ ಹಾಕುವ ಗಟ್ಟಿ ಹಾಳೆ ಅದು. ನನಗೆ ಸಿಕ್ಕಿದ್ದು ತೆಳು ಗುಲಾಬಿ ಬಣ್ಣದ್ದು, 25 ಮಿಲಿಮೀಟರ್ ದಪ್ಪ. ಥರ್ಮಾಕೋಲ್ ಇದರ ಬಡ ನೆಂಟ: ಕತ್ತರಿಸಿದರೆ ಕಾಳು ಉದುರುತ್ತದೆ, ಉಗುರು ತಾಗಿದರೆ ಗುಳಿ ಬೀಳುತ್ತದೆ. ಹಾಳೆ 1250 ಕ್ಕೆ 600 ಮಿಲಿಮೀಟರ್, ಒಂದರಲ್ಲಿ ಎರಡು ಚೌಕ, ಅಂಚಿನ ಪಟ್ಟಿ ಗೋಡೆಗೆ ಆಗುತ್ತದೆ. ಅಡಿಗೆ 6 ಮಿಲಿಮೀಟರಿನ ಎಂಡಿಎಫ್.

ಅಂಗಡಿಯಾತ ಎಷ್ಟು ಚದರಡಿ ಚಾವಣಿ ಅಂತ ಕೇಳಿದ. ಇಪ್ಪತ್ತನಾಲ್ಕು ಅಂದೆ. ನಾಯಿಮನೆಗೆ ಅಂದುಕೊಂಡಿರಬೇಕು.

ಮಾರ್ಚ್ 17

ಮಹಡಿಯ ಮೇಲೆ ಕೊಯ್ತ. ಕಾಯಿಸಿದ ನೈಕ್ರೋಮ್ ತಂತಿ ಫೋಮಿನಲ್ಲಿ ಸದ್ದಿಲ್ಲದೆ ಸಾಗುತ್ತದೆ. ಹೊಗೆ ಎದ್ದರೆ ತಂತಿ ಹೆಚ್ಚು ಕಾದಿದೆ ಎಂದು ತಿಳಿಯಬೇಕು. ಆ ಹೊಗೆ ಒಳ್ಳೆಯದಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಈ ಕೆಲಸಕ್ಕೆ ಕೈಹಾಕಕೂಡದು.

ಹಾಳೆಯ ಹೊಳೆಯುವ ಮೇಲ್ಮೈಗೆ ಅಂಟು ಹಿಡಿಯುವುದಿಲ್ಲ, ಉಜ್ಜುಕಾಗದದಿಂದ ಎರಡೂ ಕಡೆ ತರಿ ಮಾಡಿದೆ. ಎರಡೂ ಕಡೆ ಎಂಬುದು ಮುಖ್ಯ. ನೀರು ಬೆರೆಸಿದ ಅಂಟು, ಬಣ್ಣ ಒಣಗುವಾಗ ಕುಗ್ಗಿ ಫೋಮನ್ನು ತನ್ನ ಕಡೆಗೆ ಎಳೆಯುತ್ತದೆ. ಮೇಲೆ ಮಾತ್ರ ಬಳಿದರೆ ಹಲಗೆ ಬಿಲ್ಲಿನಂತೆ ಬಾಗಿ, ಆರು ಹಲಗೆ ಜೋಡಿಸಿದಾಗ ಮೂಲೆಗಳೆಲ್ಲ ಎದ್ದು ನಿಲ್ಲುತ್ತವೆ. ಈ ಬೇಸಿಗೆಯಲ್ಲಿ ಬಳಿದದ್ದು ಗಂಟೆಯೊಳಗೆ ಒಣಗುತ್ತಿದೆ, ಬೇಗ ಒಣಗಿದಷ್ಟೂ ಎಳೆತ ಜೋರು. ಅಡಿಗೂ ಒಂದು ಕೋಟು ಕೊಟ್ಟು, ಎಂಡಿಎಫ್‌ಗೆ ಅಂಟಿಸಿ, ಮೇಲೆ ಹಳೆಯ ವಾರಪತ್ರಿಕೆಗಳ ಕಟ್ಟು ಹೇರಿ ಮಲಗಿಸಿದ್ದೇನೆ.

ಮಾರ್ಚ್ 20

ಪಾತ್ರ ಕೊರೆಯಲು ಕೂತಾಗ ಕೈ ತಾನಾಗಿ ಆಳಕ್ಕೆ ಹೋಗುತ್ತದೆ. 25 ಮಿಲಿಮೀಟರ್ ದಪ್ಪ ಇದೆಯಲ್ಲ, ಚೆನ್ನಾಗಿ ತೋಡೋಣ, ನದಿ ಅಂದರೆ ನದಿಯ ಹಾಗೆ ಕಾಣಲಿ ಎಂಬ ಆಸೆ. ದಂತವೈದ್ಯ ಗೆಳೆಯನೂ ಅದನ್ನೇ ಹೇಳುತ್ತಾನೆ. ಒಂದು ಸೆಂಟಿಮೀಟರ್ ತೋಡಿ ರೆಸಿನ್ ಸುರಿ, ಗಾಜಿನ ಹಾಗೆ ಹೊಳೆಯುತ್ತದೆ ಅಂತ. ಒಂದು ಸೆಂಟಿಮೀಟರ್ ಅಂದರೆ ಮೂರು ಮೀಟರ್ ಆಳ! ಬ್ರಿಟಿಷ್ ದಾಳಿಯ ಮುಂದಾಳು ಬೇರ್ಡ್‌ನ ದಳವೆಲ್ಲ ಮುಳುಗುತ್ತದೆ.

ದಡದ ಏರು ಮಾತ್ರ ಒಂದು ಸೆಂಟಿಮೀಟರ್. ಪಾತ್ರದೊಳಗಿನ ಏರುತಗ್ಗೆಲ್ಲ ಮೂರು ಮಿಲಿಮೀಟರಿನ ಒಳಗೇ ಆಡಬೇಕು. ಗೆಳೆಯ ತನ್ನ ಚಿಕಿತ್ಸಾಲಯದಲ್ಲಿ ಮೊಂಡಾದ ಸಲಕರಣೆ ತಂದುಕೊಟ್ಟಿದ್ದಾನೆ, ಹಲ್ಲು ಕೆರೆಯುವ ಕೊಕ್ಕೆ ಬಂಡೆಯ ಬಿರುಕು ಗೀರಲು ಬಹಳ ಚೆನ್ನ.

ಮಾರ್ಚ್ 24, ಭಾನುವಾರ

ನೆಲದ ಒರಟು ಹಾಕುವ ಕೆಲಸ. ಬೋರ್ಡು ಬೋರ್ಡಾಗುವುದು ಇಲ್ಲಿ.

ಇಂಗ್ಲೆಂಡಿನ ಹವ್ಯಾಸಿಗಳು ಬರೆದಿರುವ ಕ್ರಮದಲ್ಲಿ ಅಂಟು ಬಳಿ, ಮರಳು ಉದುರಿಸು ಅಂತಿರುತ್ತದೆ. 28 ಮಿಲಿಮೀಟರ್ ಆಟಕ್ಕೆ ಅದು ಸರಿ. ನನ್ನ ಲೆಕ್ಕದಲ್ಲಿ ಒಂದು ಮಿಲಿಮೀಟರ್ ಮರಳಿನ ಕಾಳು ಅಂದರೆ 30 ಸೆಂಟಿಮೀಟರಿನ ಕಲ್ಲು. ಮರಳನ್ನು ಹಾಗೇ ಉದುರಿಸಿದರೆ ಶ್ರೀರಂಗಪಟ್ಟಣದ ಸುತ್ತ ಕಲ್ಲುಗಣಿ ಆಗುತ್ತದೆ. ಆದ್ದರಿಂದ ಸೋಸುವುದೇ ದೊಡ್ಡ ಕೆಲಸ. ಹಿಟ್ಟಿನ ಜರಡಿ, ಟೀ ಸೋಸುವ ಜರಡಿ, ಕೊನೆಗೆ ಹಳೆಯ ಪಂಚೆಯ ತುಂಡು. ಜರಡಿಯಲ್ಲಿ ಉಳಿದದ್ದು ಬಂಡೆ, ಅದರ ಕೆಳಗಿನದು ನದಿಯ ಗುಂಡುಕಲ್ಲು, ಪಂಚೆಯಿಂದ ಇಳಿದ ಪುಡಿ ಮಾತ್ರ ಮಣ್ಣು.

ಮರಳು ನದಿಯದ್ದಲ್ಲ, ಎಂ-ಸ್ಯಾಂಡ್. ಪಕ್ಕದ ಕಟ್ಟಡದವರು ನೀರಿಲ್ಲದೆ ಕೆಲಸ ನಿಲ್ಲಿಸಿದ್ದಾರೆ, ಮೇಸ್ತ್ರಿ ಒಂದು ಡಬ್ಬ ತುಂಬಿಸಿಕೊಟ್ಟ. ಕಾವೇರಿ ಮಾಡಲು ಕಾವೇರಿಯ ಮರಳು ಬೇಡವೇ ಅಂತ ತಮ್ಮನ ಮಗಳು ಕೇಳಿದಳು. ಬೇಡ. ನದಿಯ ಮರಳು ಉರುಳಿ ನುಣುಪಾಗಿರುತ್ತದೆ. ಎಂ-ಸ್ಯಾಂಡ್ ಗ್ರಾನೈಟನ್ನು ಅರೆದು ಮಾಡಿದ್ದು, ಮೂಲೆ ಮೊನೆ ಇದೆ. ಈ ಗಾತ್ರದಲ್ಲಿ ಅದೇ ಹೆಚ್ಚು ಬಂಡೆಯಂತೆ ಕಾಣುತ್ತದೆ. ನದಿಯಲ್ಲಿ ಉಳಿದಿರುವ ಮರಳು ನದಿಯಲ್ಲೇ ಇರಲಿ.

ಲೇಪ: ಫೆವಿಕಾಲ್, ಗೋಡೆಗೆ ಬಳಿಯುವ ಎಮಲ್ಷನ್, ಸಣ್ಣ ಪುಡಿ, ಅಂಬಲಿಯ ಹದಕ್ಕೆ. ಅಗಲ ಬ್ರಶ್ಶಿನಲ್ಲಿ ತಟ್ಟಿ ತಟ್ಟಿ ಹಚ್ಚಬೇಕು, ಎಳೆದರೆ ಬ್ರಶ್ಶಿನ ಗೆರೆ ಮೂಡಿ ಉತ್ತ ಹೊಲದಂತೆ ಕಾಣುತ್ತದೆ. ಅದು ಹಸಿಯಿರುವಾಗಲೇ ಗುಂಡುಕಲ್ಲು, ಬಂಡೆ ಉದುರಿಸಿ ಒತ್ತುವುದು. ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲ್‌ಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ ಮೇಲಿಂದ ತೊಟ್ಟಿಕ್ಕಿಸಬೇಕು. ಸೋಪಿಲ್ಲದಿದ್ದರೆ ನೀರು ಗೋಲಿಗಟ್ಟಿ ಮರಳನ್ನು ಹೊತ್ತು ಉರುಳುತ್ತದೆ.

ಬಂಡೆಗಳ ಬಗ್ಗೆ ಜಗಳವಾಯಿತು. ಗೆಳೆಯನಿಗೆ ಪಾತ್ರ ಪೂರ್ತಿ ಬಂಡೆ ಕಿಕ್ಕಿರಿದಿರಬೇಕು. ಸೈನಿಕರನ್ನು ಅಂಟಿಸಿದ ಪಟ್ಟಿ 30 ಮಿಲಿಮೀಟರ್ ಅಗಲ. ಬಂಡೆಯ ಮೇಲಿಟ್ಟರೆ ಅದು ಓಲಾಡಿ ಜಾರುತ್ತದೆ. ನೋಡಲು ಚೆಂದದ ಬೋರ್ಡು ಆಡಲು ಬರುವುದಿಲ್ಲ, ಆಡಲು ಸಲೀಸಾದ ಬೋರ್ಡು ಮೇಜಿನ ಬಟ್ಟೆಯಂತೆ ಚಪ್ಪಟೆ. ಈ ಹವ್ಯಾಸದ ಹಳೆಯ ತಂಟೆ ಇದು, ಬಗೆಹರಿಯುವಂಥದ್ದಲ್ಲ. ನನ್ನ ತೀರ್ಮಾನ: ಬಂಡೆ ಗುಂಪುಗುಂಪಾಗಿರಲಿ, ಗುಂಪುಗಳ ನಡುವೆ ಪಟ್ಟಿ ನಿಲ್ಲುವಷ್ಟು ಜಾಗ. ನಿಜವಾದ ಪಾತ್ರದಲ್ಲೂ ಮನುಷ್ಯ ಬಂಡೆ ಹತ್ತಿ ನಡೆಯುವುದಿಲ್ಲ, ಸಂದಿ ಹುಡುಕುತ್ತಾನೆ.

ಮಾರ್ಚ್ 27

ಬ್ರಶ್ ತೊಳೆಯಲು ನೀರಿಲ್ಲ. ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಹೇಳಿ ಆಯಿತು. ಬ್ರಶ್ಶಿನ ವಿಚಾರ ಆದೇಶದಲ್ಲಿ ಇಲ್ಲ, ಆದರೂ ಮನಸ್ಸು ಒಪ್ಪುವುದಿಲ್ಲ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅದರಲ್ಲೇ ಎಲ್ಲ ಕೆಲಸ.

ಮಾರ್ಚ್ 31

ಬಣ್ಣದ ಅಂಗಡಿ. ಹವ್ಯಾಸಿಗಳ ಸಣ್ಣ ಬಾಟಲಿಯ ಬಣ್ಣ ಸೈನಿಕರಿಗೆ ಸರಿ, 24 ಚದರಡಿ ನೆಲಕ್ಕೆ ಅದನ್ನು ಹಚ್ಚುವವರು ದುಡ್ಡಿನ ಮರ ನೆಟ್ಟಿರಬೇಕು. ಮನೆ ಗೋಡೆಯ ಎಮಲ್ಷನ್ ಸಾಕು. ಕಲ್ಲು, ಮಣ್ಣಿನ ಪೊಟ್ಟಣ ಕೌಂಟರಿನ ಮೇಲಿಟ್ಟೆ.

"ಯಾವ ರೂಮಿಗೆ?"

"ನದಿಗೆ."

ಆತ ನಗಲಿಲ್ಲ. ಕಲ್ಲನ್ನು ಎತ್ತಿ ಬೆಳಕಿಗೆ ಹಿಡಿದು, ಶೇಡ್ ಕಾರ್ಡಿನ ಮೂರು ಬೂದು ತೋರಿಸಿ, ಒಣಗಿದ ಮೇಲೆ ಒಂದು ಮಟ್ಟ ಗಾಢವಾಗುತ್ತದೆ, ತಿಳಿ ಬಣ್ಣದ್ದನ್ನೇ ತಗೊಳ್ಳಿ ಅಂದ. ಇಷ್ಟು ದಿನದಲ್ಲಿ ಸಿಕ್ಕ ಅತ್ಯುತ್ತಮ ಸಲಹೆ. ಕಪ್ಪುಗಂದು, ನಡು ಬೂದು, ತಿಳಿ ಬೂದು, ಕೆಮ್ಮಣ್ಣು: ನಾಲ್ಕೇ ಡಬ್ಬ.

ಸ್ಪ್ರೇ ಡಬ್ಬ ಬೇಡವೇ ಎಂದೂ ಕೇಳಿದ. ಬೇಡ. ಅದರೊಳಗಿನ ದ್ರಾವಕ ಫೋಮನ್ನು ತಿಂದುಹಾಕುತ್ತದೆ.

ಏಪ್ರಿಲ್ 5

1799ರ ಇದೇ ದಿನ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಬ್ರಿಟಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ ದಾರಿ ತಪ್ಪಿದ. ಬಿದಿರು, ಅಡಿಕೆ, ನಡುವೆ ನೀರಿನ ಕಾಲುವೆ, ಕಗ್ಗತ್ತಲು, ಎದುರಿನಿಂದ ಟಿಪ್ಪುವಿನ ಕಡೆಯ ಗುಂಡು, ರಾಕೆಟ್ಟು. ಮೊಣಕಾಲಿಗೆ ಪೆಟ್ಟು ಬಿದ್ದು ಹಿಂದಿರುಗಿದ. ಹಿಂದಿನ ರಾತ್ರಿ ಬೇರ್ಡ್‌ನ ದಳವೂ ಅದೇ ತೋಪು ಜಾಲಾಡಿ ವಾಪಸಾಗುವಾಗ ಶತ್ರುವಿನ ಕಡೆಗೇ ನಡೆಯುತ್ತಿತ್ತು. ನಕ್ಷತ್ರ ನೋಡಿ ದಿಕ್ಕು ತಪ್ಪಿದೆ ಎಂದು ಹೇಳಿದವನು ವಿಲಿಯಂ ಲ್ಯಾಂಬ್ಟನ್. ಮುಂದೆ ಭಾರತದ ಮಹಾ ತ್ರಿಕೋನಮಿತಿ ಸರ್ವೇ ಶುರು ಮಾಡಿದವನೂ ಅವನೇ. ಕಾಲಿನ್ ಮೆಕೆಂಜಿಯೂ ಈ ಮುತ್ತಿಗೆಯಲ್ಲಿ ಎಂಜಿನಿಯರಾಗಿದ್ದ, ಆಮೇಲೆ ಮೈಸೂರು ಸೀಮೆಯನ್ನೆಲ್ಲ ಅಳೆದ. ಈ ನೆಲ ಅಳೆಯಬೇಕೆಂಬ ಹಟ ಆ ತೋಪಿನಲ್ಲೇ ಹುಟ್ಟಿತೋ ಏನೋ. ಇದು ನನ್ನ ಕಲ್ಪನೆ, ಆಧಾರವಿಲ್ಲ.

ಮಲಗುವ ಮುಂಚೆ ರೈಸ್ವಿಟ್ಜ್ ಬಗ್ಗೆ ಓದಿದೆ. 1812ರಲ್ಲಿ ಪ್ರಷ್ಯದ ದೊರೆಗೆ ಅವನು ಒಪ್ಪಿಸಿದ ಯುದ್ಧದಾಟದ ಮೇಜು ಅಂದರೆ ಬೇರೇನಲ್ಲ, ನಮ್ಮ ಟೆರೇನ್ ಬೋರ್ಡುಗಳ ಮುತ್ತಜ್ಜ: ಬೆಟ್ಟ, ಹೊಳೆ, ರಸ್ತೆ ಉಬ್ಬಿಸಿ ಬಣ್ಣ ಹಚ್ಚಿದ ಚೌಕ ಬಿಲ್ಲೆಗಳು, ಬೇಕಾದ ಹಾಗೆ ಜೋಡಿಸಬಹುದು. ಅವನ ಮಗ 1824ರಲ್ಲಿ ಬಿಲ್ಲೆ ಬಿಟ್ಟು 1:8000ರ ಭೂಪಟಕ್ಕೆ ಹೋದ; ಸೈನ್ಯ ಒಪ್ಪಿದ್ದು ಮಗನ ಆಟವನ್ನು. ಅಧಿಕಾರಿಗಳಿಗೆ ಭೂಪಟವೇ ಸರಿ. ಆದರೆ ಭೂಪಟದಲ್ಲಿ ಮೊಣಕಾಲುದ್ದ ನೀರಿಗೂ ಸೊಂಟದುದ್ದ ನೀರಿಗೂ ಒಂದೇ ನೀಲಿ. ನಾನು ಅಪ್ಪನ ಪಕ್ಷ.

ಏಪ್ರಿಲ್ 9, ಯುಗಾದಿ

ಒಬ್ಬಟ್ಟು ತಿಂದು ನೆಂಟರೆಲ್ಲ ಹಜಾರದಲ್ಲಿ ಹಲಗೆಗಳ ಸುತ್ತ ನಿಂತರು. ಮೊದಲ ಪ್ರಶ್ನೆ ಮಾವನದು, ಇದ್ದದ್ದೇ: ನೀವು ಟಿಪ್ಪು ಕಡೆಯೋ, ಆ ಕಡೆಯೋ? ಈಗಿನ ಕಾಲದಲ್ಲಿ ಈ ಪ್ರಶ್ನೆಗೆ ಮೈಸೂರಿಂದ ಕೊಡಗಿನವರೆಗೆ ಊರಿಗೊಂದು ಉತ್ತರ ಇದೆ, ಹಬ್ಬದ ದಿನ ಅದನ್ನು ಕೆದಕುವ ಆಸೆ ನನಗಿಲ್ಲ. ನಾನು ನದಿ ಕಡೆ ಅಂದೆ. ಜಾಣತನದ ಉತ್ತರ ಅಂತ ಮಾವ ಗೊಣಗಿದರು. ಅಲ್ಲ, ನಿಜವಾದ ಉತ್ತರವೇ.

ದೊಡ್ಡಮ್ಮನ ಪ್ರಶ್ನೆ ಬೇರೆ. ಅಷ್ಟು ಜನ ಸತ್ತ ಜಾಗವನ್ನು ಆಟ ಮಾಡುವುದು ಸರಿಯೇ? ಇದಕ್ಕೆ ನನ್ನ ಬಳಿ ಅರ್ಧ ಉತ್ತರ ಇದೆ. ನಮ್ಮ ಆಟ ಕೋಟೆಯ ಗೋಡೆ ಕೈವಶವಾದಲ್ಲಿಗೆ ಮುಗಿಯುತ್ತದೆ. ಅವತ್ತು ರಾತ್ರಿ ಊರಿನಲ್ಲಿ ನಡೆದ ಲೂಟಿಗೆ, ಮನೆಗಳಿಗೆ ಬಿದ್ದ ಬೆಂಕಿಗೆ ನಾವು ನಿಯಮ ಬರೆದಿಲ್ಲ, ಮನೆಗಳನ್ನು ಮಾಡಿಯೂ ಇಲ್ಲ. ಹಲಗೆ ಗೋಡೆಯ ಒಳ ಅಂಚಿಗೆ ನಿಲ್ಲುತ್ತದೆ. ಅದು ಗೌರವವೋ ತಪ್ಪಿಸಿಕೊಳ್ಳುವುದೋ, ದೊಡ್ಡಮ್ಮ ಕೇಳಲಿಲ್ಲ.

ಏಪ್ರಿಲ್ 14

ಡ್ರೈ ಬ್ರಶ್. ಇಷ್ಟು ದಿನ ಕೊಳೆಗಂದು ಬಣ್ಣ ಹೊದ್ದು ಮಲಗಿದ್ದ ಹಲಗೆ ಇವತ್ತು ಎದ್ದು ಕೂತಿತು. ಬ್ರಶ್ಶಿಗೆ ಬಣ್ಣ ಹಚ್ಚಿ, ಹಳೆ ಬಟ್ಟೆಗೆ ಒರೆಸಿ ಒರೆಸಿ ಹೆಚ್ಚುಕಡಿಮೆ ಒಣಗಿಸಿ, ನೆಲದ ಮೇಲೆ ಹಗುರಾಗಿ ಸವರುವುದು. ಉಬ್ಬಿದ ಕಡೆ ಬಣ್ಣ ಕೂರುತ್ತದೆ, ತಗ್ಗಿನಲ್ಲಿ ಕತ್ತಲೆ ಉಳಿಯುತ್ತದೆ. ಮೊದಲು ನಡು ಬೂದು ಧಾರಾಳವಾಗಿ, ಆಮೇಲೆ ತಿಳಿ ಬೂದು ಜಿಪುಣತನದಿಂದ. ಬಿಳಿ ಬೇಡವೇ ಬೇಡ. ಬಿಳಿ ಸವರಿದ ಬಂಡೆ ಹಿಮ ಬಿದ್ದ ಬಂಡೆಯಾಗುತ್ತದೆ.

ಎಷ್ಟು ನೆರಳು ಬೇಕು ಎಂಬುದಕ್ಕೆ ಗಡಿಯಾರ ನೋಡಬೇಕು. ದಾಳಿ ನಡೆದದ್ದು ಮಧ್ಯಾಹ್ನ ಒಂದರ ಹೊತ್ತಿಗೆ, ಬಿಸಿಲಿಗೆ ಕೋಟೆಯವರು ಊಟ, ವಿಶ್ರಾಂತಿಯಲ್ಲಿರುವ ವೇಳೆ ನೋಡಿ. ಮೇ ತಿಂಗಳ ಒಂದು ಗಂಟೆಗೆ ನೆರಳು ಬಂಡೆಯ ಕಾಲ ಬುಡದಲ್ಲಿ ಮುದುಡಿರುತ್ತದೆ. ಇಂಗ್ಲಿಷ್ ಬೋರ್ಡುಗಳಲ್ಲಿ ನೀರಾಗಿಸಿದ ಕಂದು ಬಣ್ಣದ ವಾಶನ್ನು ಇಡೀ ನೆಲಕ್ಕೆ ಹರಿಸಿ ಸಂಜೆಯ ಮಂಕು ತರುತ್ತಾರೆ. ಅದು ಅವರ ಆಕಾಶ. ನಾನು ವಾಶನ್ನು ಬಂಡೆಯ ಬುಡಕ್ಕೆ ಮಾತ್ರ, ಸಣ್ಣ ಬ್ರಶ್ಶಿನ ತುದಿಯಲ್ಲಿ ಇಳಿಬಿಟ್ಟೆ. ಇಳಿಸುವಾಗ ಕಂದು ಗೆರೆ ತಾನಾಗಿ ಮೂಡಿತು, ಸ್ತಂಭದ ಕೆಳಗೆ ಕಂಡ ಅದೇ ಗೆರೆ.

ಪಾತ್ರದ ಬಣ್ಣದಲ್ಲೇ ಆಟದ ನಿಯಮ ಬರೆದಿದ್ದೇನೆ. ತಿಳಿ ಮರಳಿನ ಬಣ್ಣ ಇದ್ದರೆ ಮೊಣಕಾಲುದ್ದ: ಅರ್ಧ ವೇಗ. ಹಸಿರುಗಪ್ಪು ಇದ್ದರೆ ಸೊಂಟದುದ್ದ: ದಾಳ ಹಾಕಬೇಕು, ಬಿದ್ದ ಸಂಖ್ಯೆ ಕೆಟ್ಟದಾದರೆ ಮದ್ದು ಒದ್ದೆ. ಯಾರೂ ಪುಸ್ತಕ ತೆರೆಯಬೇಕಿಲ್ಲ, ನೆಲ ನೋಡಿದರೆ ಸಾಕು. ಬೋರ್ಡಿನಲ್ಲಿ ಬಣ್ಣ ಹಚ್ಚುವುದು ಅಲಂಕಾರಕ್ಕೆ ಅನ್ನುವವರ ಜೊತೆ ನನಗೆ ಮಾತಿಲ್ಲ.

ಏಪ್ರಿಲ್ 16

ಸೈಬರ್ನ್‌ನ ವಾಟರ್‌ಲೂ ಯುದ್ಧಭೂಮಿಯ ಮಾದರಿಯ ಫೋಟೋ ನೋಡುತ್ತಾ ಕೂತೆ. ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿದೆ. 1830ರಲ್ಲಿ ಆ ಬಯಲಿನ ತೋಟದ ಮನೆಯಲ್ಲೇ ತಿಂಗಳುಗಟ್ಟಲೆ ಉಳಿದು ನೆಲ ಅಳೆದ ಮನುಷ್ಯ. 1838ರಲ್ಲಿ ಜನರಿಗೆ ತೋರಿಸಿದ. ಒಂದು ಮೈಲಿಗೆ ಒಂಬತ್ತು ಅಡಿ, ಎಪ್ಪತ್ತು ಸಾವಿರಕ್ಕೂ ಹೆಚ್ಚು ತವರದ ಸೈನಿಕರು. ಅವನಲ್ಲೂ ಸೈನಿಕರು ನೆಲದ ಲೆಕ್ಕಕ್ಕಿಂತ ದೊಡ್ಡವರೇ. ಪ್ರಷ್ಯನ್ನರನ್ನು ಅಷ್ಟು ಮುಂದೆ, ಅಷ್ಟು ಸಂಖ್ಯೆಯಲ್ಲಿ ತೋರಿಸಿದ್ದು ವೆಲ್ಲಿಂಗ್ಟನ್ ಕಡೆಯವರಿಗೆ ಹಿಡಿಸದೆ, ಕೊನೆಗೆ ಸಾವಿರಾರು ಪ್ರಷ್ಯನ್ ಬೊಂಬೆಗಳನ್ನು ತೆಗೆದುಹಾಕಬೇಕಾಯಿತು. ಸುಲ್ತಾನ್‌ಪೇಟೆಯಲ್ಲಿ ದಾರಿ ತಪ್ಪಿದ ವೆಲ್ಲೆಸ್ಲಿಯೇ ಈ ವೆಲ್ಲಿಂಗ್ಟನ್. ಬೊಂಬೆಗೂ ರಾಜಕೀಯ ಉಂಟು. ಮಾವನ ಪ್ರಶ್ನೆ ಅಷ್ಟೇನೂ ಹುಡುಗಾಟದ್ದಲ್ಲ.

ಏಪ್ರಿಲ್ 21

ಗೋಡೆ. ಅಂಚಿನ ಪಟ್ಟಿಗಳನ್ನು ಎರಡೂವರೆ ಸೆಂಟಿಮೀಟರ್ ಎತ್ತರಕ್ಕೆ ಇಳಿಜಾರಾಗಿ ಕೊಯ್ದು, ಬಾಲ್ ಪೆನ್ನಿನಿಂದ ಕಲ್ಲಿನ ಸಾಲು ಗೀರಿದೆ. ಒಂದೊಂದು ಕಲ್ಲು ಎರಡು ಮಿಲಿಮೀಟರ್. ಮೂರನೇ ಸಾಲಿನ ಹೊತ್ತಿಗೆ ಕುತ್ತಿಗೆ ಹಿಡಿಯಿತು. ಒಡೆದ ಕಡೆ ಫೋಮನ್ನು ಕೈಯಿಂದ ಮುರಿದು, ಅದರ ಚೂರು, ಎಂ-ಸ್ಯಾಂಡ್, ಕೆಮ್ಮಣ್ಣು ಕಲೆಸಿ ಕಂದಕದವರೆಗೆ ಇಳಿಜಾರು ಸುರಿದೆ. ಕತ್ತಿಯಿಂದ ಕೊಯ್ದ ಅಂಚು ಗುಂಡು ಬಿದ್ದು ಒಡೆದ ಹಾಗೆ ಕಾಣುವುದಿಲ್ಲ.

ತಲೆ ತಿಂದದ್ದು ಒಳಕಂದಕ. ಹೊರಗೋಡೆ ಹತ್ತಿ ನಿಂತ ದಳಕ್ಕೆ ಎದುರಾದದ್ದು ಊರಲ್ಲ, ಇನ್ನೊಂದು ಆಳದ, ನೀರು ತುಂಬಿದ ಕಂದಕ. ಅಗಳಿನಿಂದ ಅದು ಕಾಣುತ್ತಿರಲಿಲ್ಲ. ಬೋರ್ಡಿನ ಮೇಲೆ ಕಾಣದ ಹಾಗೆ ಹೇಗೆ ಮಾಡುವುದು? ಮೇಲಿಂದ ಬಗ್ಗಿ ನೋಡುವ ಆಟಗಾರನಿಗೆ ದೇವರ ಕಣ್ಣು. ಎಷ್ಟೇ ನೈಜವಾಗಿ ನೆಲ ಮಾಡಿದರೂ ಸೈನಿಕನಿಗೆ ಗೊತ್ತಿಲ್ಲದ್ದು ಆಟಗಾರನಿಗೆ ಗೊತ್ತಿರುತ್ತದೆ. ಬೋರ್ಡು ಹೇಳುವ ಅತಿ ದೊಡ್ಡ ಸುಳ್ಳು ಅದು.

ತಮ್ಮನ ಮಗಳು ಉಪಾಯ ಹೇಳಿದಳು: ಮುಚ್ಚಳ. ಒಳಕಂದಕದ ಮೇಲೆ ಕೂರುವ ತೆಳು ಪಟ್ಟಿ, ಮೇಲ್ಗಡೆ ಉಳಿದ ನೆಲದ ಹಾಗೇ ಮಣ್ಣು, ಹುಲ್ಲು. ದಳ ಗೋಡೆಯ ನೆತ್ತಿ ಮುಟ್ಟಿದಾಗ ಅದನ್ನು ಎತ್ತುವುದು. ಗೆಳೆಯ ಇನ್ನೂ ಒಳಗಿನ ಹಲಗೆ ನೋಡಿಲ್ಲ. ಇತಿಹಾಸವನ್ನೂ ಅವನು ಓದುವವನಲ್ಲ. ಅವನಿಗೇ ಬೇರ್ಡ್‌ನ ಪಾತ್ರ ಕೊಡೋಣ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.

ಏಪ್ರಿಲ್ 26

ಓಟು ಹಾಕಿ ಬಂದು ವಾರ್ನಿಷ್ ಹಿಡಿದೆ. ಬೆರಳಿಗೆ ಶಾಯಿ, ಅಂಗೈಗೆ ಅಂಟು. ಹೊರಗೆ ಕಾದ ಕಾವಲಿ.

ನೀರು ಮಾಡುವ ಬಗೆ: ಹೊಳಪಿನ ವಾರ್ನಿಷ್, ನೀರಿನ ಆಧಾರದ್ದೇ ಆಗಬೇಕು, ತೆಳುವಾಗಿ, ಪದರದ ಮೇಲೆ ಪದರ. ಬಣ್ಣ ತಳದಲ್ಲಿದೆ, ವಾರ್ನಿಷ್‌ಗೆ ಬಣ್ಣ ಬೆರೆಸಬೇಕಿಲ್ಲ. ಮೊಣಕಾಲುದ್ದದ ಕಡೆ ಎರಡು ಪದರ, ಮಡುವಿನಲ್ಲಿ ಇನ್ನೂ ಎರಡು. ಬಂಡೆಗಳಿಗೆ ತಾಗಿದ ಕಡೆ ಅಂಚು ಸ್ವಲ್ಪ ಮೇಲೇರುತ್ತದೆ, ಅದೂ ನೀರಿನದ್ದೇ ಗುಣ. ಬೇಸಿಗೆಯ ಕಾವೇರಿಗೆ ಅಲೆ ಬೇಡ. ಗೆಳೆಯ ರೆಸಿನ್ ಡಬ್ಬ ತಂದಿಟ್ಟು ಹೋಗಿದ್ದಾನೆ, ಮುಚ್ಚಳ ತೆಗೆದಿಲ್ಲ.

ಏಪ್ರಿಲ್ 28

ಹುಲ್ಲು. ನೈಲಾನ್ ಎಳೆ ನೆಟ್ಟಗೆ ನಿಲ್ಲಬೇಕಾದರೆ ವಿದ್ಯುತ್ ಬೇಕು. ಅದರ ಯಂತ್ರ ವಿದೇಶದಿಂದ ತರಿಸುವವರು ತರಿಸಲಿ, ಸೊಳ್ಳೆ ಬ್ಯಾಟು ಬಿಚ್ಚಿ ಟೀ ಜರಡಿಗೆ ತಂತಿ ಕೊಟ್ಟರೆ ಅದೇ ಕೆಲಸ ಆಗುತ್ತದೆ. ಇನ್ನೊಂದು ತಂತಿ ಹಸಿ ಅಂಟಿಗೆ. ಜರಡಿ ಅಲ್ಲಾಡಿಸಿದಂತೆ ಎಳೆಗಳು ಮುಳ್ಳಿನಂತೆ ಎದ್ದು ನಿಲ್ಲುತ್ತವೆ. ಬಿಚ್ಚಿದ ಬ್ಯಾಟಿಗೆ ಕೈ ಹಚ್ಚುವ ಮುನ್ನ ಅದರ ಕೆಪಾಸಿಟರ್ ಖಾಲಿ ಮಾಡಬೇಕು, ಮಕ್ಕಳ ಕೈಗೆ ಕೊಡುವ ಆಟಿಕೆಯಲ್ಲ.

ಪೊಟ್ಟಣದಲ್ಲಿ ಬರುವ ಹುಲ್ಲು ಇಂಗ್ಲೆಂಡಿನ ಜೂನ್ ತಿಂಗಳ ಹಸಿರು. ನಮ್ಮ ಮೇ ತಿಂಗಳ ದಡ ಒಣಹುಲ್ಲಿನ ಬಣ್ಣದ್ದು. ಒಣಬಣ್ಣದ ಎಳೆ ಮುಕ್ಕಾಲು, ಹಸಿರು ಕಾಲು, ಅದೂ ಕಾಲುವೆಯ ಅಂಚಿಗೆ. ಕಬ್ಬಿನ ಗದ್ದೆಗೆ ತೆಂಗಿನ ನಾರನ್ನು ಒಂದು ಸೆಂಟಿಮೀಟರಿಗೆ ಕತ್ತರಿಸಿ ನೆಟ್ಟೆ. ದಸರೆ ಬೊಂಬೆಯ ಪಾರ್ಕಿಗೆ ಅಮ್ಮ ರಾಗಿ ಮೊಳಕೆ ಹಾಕುತ್ತಿದ್ದರು. ಆ ಪಾರ್ಕಿನಷ್ಟು ಹಸಿರು ಈ ಹಲಗೆಗೆ ಎಂದೂ ಬರುವುದಿಲ್ಲ, ಬರಲೂಬಾರದು.

ಮೇ 3

ಏಪ್ರಿಲ್ ಪೂರ್ತಿ ಒಣಗಿದ್ದ ಊರಿಗೆ ಮಳೆ ಬಂತು. ಮಹಡಿಯಲ್ಲಿದ್ದ ಹಲಗೆಗಳನ್ನು ಒಳಗೆ ಸಾಗಿಸಿದ್ದಾಯಿತು.

1799ರಲ್ಲೂ ಎರಡೂ ಕಡೆಯವರು ಆಕಾಶ ನೋಡುತ್ತಿದ್ದರು. ಮಳೆ ಬಂದು ನದಿ ತುಂಬಿದರೆ ಟಿಪ್ಪು ಉಳಿದ. ಬ್ರಿಟಿಷ್ ಸೇನಾಪತಿ ಹ್ಯಾರಿಸ್‌ನ ಪಾಳೆಯದಲ್ಲಿ ಅಕ್ಕಿ ಮುಗಿಯುತ್ತಾ ಬಂದಿತ್ತು, ಅವನಿಗೆ ಕಾಯುವ ಹಾಗಿರಲಿಲ್ಲ.

ಮೇ 5, ಭಾನುವಾರ

ಆಟ ಇವತ್ತು. ದಾಳಿ ನಡೆದು ನಿನ್ನೆಗೆ ಸರಿಯಾಗಿ 225 ವರ್ಷ, ಆದರೆ ಶನಿವಾರ ಗೆಳೆಯನಿಗೆ ಹಲ್ಲು ಕೀಳುವ ದಿನ.

ಅವನು ಬೇರ್ಡ್. ಅಸಲಿ ಬೇರ್ಡ್ ಇದೇ ಕೋಟೆಯಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದವನು, ದಾಳಿಯ ಮುಂದಾಳತ್ವ ಕೇಳಿ ಪಡೆದವನು. ಅವನ ಹಿಂದೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ. ತಮ್ಮನ ಮಗಳು ಕೋಟೆಯ ಕಡೆ. ನಾನು ತೀರ್ಪುಗಾರ.

ಗೆಳೆಯ ಮೊದಲು ಮಾಡಿದ್ದು ನನಗೆ ಬಹಳ ಇಷ್ಟವಾಯಿತು: ದಾಳ ಮುಟ್ಟದೆ, ಮೇಜಿನ ಅಂಚಿಗೆ ಗಲ್ಲ ಇಟ್ಟು, ಸೈನಿಕರ ಕಣ್ಣಿನ ಮಟ್ಟದಿಂದ ನದಿ ನೋಡಿದ. ಆ ಕೋನದಿಂದ ಬಂಡೆಗಳ ಹಿಂದಿನ ಮಡು ಕಾಣುವುದಿಲ್ಲ. ಬಲಗಡೆ ತಿಳಿ ಬಣ್ಣದ ದಾರಿ ಸುತ್ತಿಕೊಂಡು ಹೋಗುತ್ತದೆ, ಎಡಗಡೆ ನೇರ. ಅವನು ದಳವನ್ನು ಎರಡು ಮಾಡಿ ಎರಡೂ ದಾರಿಗೆ ಬಿಟ್ಟ. ಎಡದ ದಳ ಮಡುವಿಗೆ ಬಿತ್ತು, ಮದ್ದು ಒದ್ದೆ, ರಾಕೆಟ್ಟುಗಳ ಎದುರು ಬಂಡೆಯ ಮರೆ ಹುಡುಕಿತು. ಬಲದ್ದು ತಡವಾಗಿ, ಆದರೆ ಪೂರ್ತಿಯಾಗಿ ದಾಟಿ ಒಡೆದ ಗೋಡೆ ಹತ್ತಿತು.

ಆಗ ಹುಡುಗಿ ಮುಚ್ಚಳ ಎತ್ತಿದಳು.

ಗೆಳೆಯ ಅಂದದ್ದನ್ನು ಇಲ್ಲಿ ಬರೆಯಲಾಗದು. ಆಮೇಲೆ ಗೋಡೆಯ ಮೇಲೇ ಎರಡೂ ಕಡೆ ಹರಡಿ ಮುಂದುವರಿದ, 1799ರಲ್ಲಿ ಡನ್‌ಲಪ್, ಶೆರ್‌ಬ್ರುಕ್ ದಳಗಳು ಎಡಕ್ಕೂ ಬಲಕ್ಕೂ ಹೋದ ಹಾಗೆ. ಅವನಿಗೆ ಅದು ಗೊತ್ತಿರಲಿಲ್ಲ. ನೆಲ ಬೇರೆ ದಾರಿ ಕೊಡಲಿಲ್ಲ, ಅಷ್ಟೇ. ಕೋಟೆ ಹೋಯಿತು. ಉತ್ತರದ ಗೋಡೆಯ ಮೇಲೆ ಮಾತ್ರ ಹುಡುಗಿ ಕೊನೆಯವರೆಗೂ ಬಿಡಲಿಲ್ಲ.

ಆಟ ಮುಗಿದ ಮೇಲೆ ಅವಳದೊಂದು ಪ್ರಶ್ನೆ: ಮಳೆ ಎರಡು ವಾರ ಮುಂಚೆ ಬಂದಿದ್ದರೆ? ಪಾತ್ರವೆಲ್ಲ ಹಸಿರುಗಪ್ಪು ಎಂದುಕೊಂಡು ಇನ್ನೊಮ್ಮೆ ಆಡಿದೆವು. ದಳ ನಡು ನದಿಯನ್ನೂ ಮುಟ್ಟಲಿಲ್ಲ.

ಮೇ 6

ಹಲಗೆಗಳ ಬೆನ್ನಿಗೆ ಗುರುತು ಬರೆದು ಅಲ್ಮೇರದ ಸಂದಿಯಲ್ಲಿ ನಿಲ್ಲಿಸಿದೆ. ನಡುವಿನ ಎರಡು ಹಲಗೆ ಬರೀ ಬಂಡೆ, ನೀರು. ಮುಂದೆ ಹಂಪಿಯ ತುಂಗಭದ್ರೆಗೂ ಆದಾವು.

ಗೆಳೆಯ ಫೋನ್ ಮಾಡಿದ್ದ. ಆಟ ಸಮಬಲದ್ದಲ್ಲ, ಕೋಟೆಗೆ ಇನ್ನೆರಡು ಫಿರಂಗಿ ಕೊಡು, ಇಲ್ಲವೇ ನದಿ ಆಳ ಮಾಡು ಅಂತ. ಫಿರಂಗಿ ಬೇಕಾದರೆ ಕೊಡುತ್ತೇನೆ. ನದಿ ಇರುವಷ್ಟೇ ಇರುತ್ತದೆ. ಅವನ ರೆಸಿನ್ ಡಬ್ಬವನ್ನು ನಾಳೆ ಹಿಂದಿರುಗಿಸಬೇಕು.